ಹೆಸರಿಲ್ಲದ ನೀರಿನ ಗೆರೆ

ಧಾರವಾಡ, ಫೆಬ್ರವರಿ ಮೂವತ್ತು, ೨೧೮೭

ತಾರೀಖು ನೋಡಿ ನಗಬೇಡಿ. ನಮ್ಮ ಕ್ಯಾಲೆಂಡರಿನಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ; ಉಳಿದ ದಿನಗಳು ವರ್ಷದ ಕೊನೆಗೆ ಹಬ್ಬವಾಗಿ ಬರುತ್ತವೆ. ನನ್ನ ಮಾತುಗಳು ಅಲ್ಲಲ್ಲಿ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನೂರಾ ಅರವತ್ತು ವರ್ಷ ಹಿಂದಿನ ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಕವನಗಳಿಂದ ಕಲಿತವಳು. ಮಾತನಾಡುವವರನ್ನು ಕೇಳಿದವಳಲ್ಲ.

ನಾನು ಚಿತ್ರ ಬರೆದು ಮಾರುವವಳು. ಬರೆಯುವುದು ಕೂಡುಕುಂಚದಿಂದ. ಕೂಡುಕುಂಚವೆಂದರೆ ಯಂತ್ರದೊಳಗಿನ ಕುಂಚ. ಅದರಲ್ಲಿ ಸಾವಿರಾರು ಜನ ತಮ್ಮ ಗೆರೆಗಳನ್ನು ಇಟ್ಟುಹೋಗಿದ್ದಾರೆ. ಎಲೆಯ ನರ ಬೇಕೆಂದರೆ ಒಬ್ಬರ ಕೈ ಬರುತ್ತದೆ, ಸೀರೆಯ ನಿರಿಗೆ ಬೇಕೆಂದರೆ ಇನ್ನೊಬ್ಬರದು. ನಿಮ್ಮಲ್ಲೂ ಇದರ ಮೊದಲ ರೂಪ ಆಗಲೇ ಬಂದಿತ್ತಂತೆ. ಕೂಡುಕುಂಚ ಯಾರಿಗೂ ನಿಷಿದ್ಧವಲ್ಲ, ಯಾರೊಬ್ಬರ ಸ್ವತ್ತೂ ಅಲ್ಲ. ಆದರೆ ಮಾರುವಾಗ ಒಂದು ಕಟ್ಟಳೆಯಿದೆ. ಹಿಂದೆ ಮದುವೆಮನೆಗಳಲ್ಲಿ ಹೊಸ ಹೆಂಡತಿ ಗಂಡನ ಹೆಸರನ್ನು ಒಡಪಿನ ಪ್ರಾಸದ ಸಾಲುಗಳಲ್ಲಿ ಕಟ್ಟಿ ಹೇಳುತ್ತಿದ್ದಳಲ್ಲ, ಹಾಗೆ ನಾವು ಚಿತ್ರದೊಳಗಿನ ಕೈಗಳ ಹೆಸರನ್ನು ಒಡಪಿನಲ್ಲಿ ಹೇಳುತ್ತೇವೆ. ಬೇವಿನ ಮರದ ಕೆಳಗೆ ಜಮಖಾನ ಹಾಸಿರುತ್ತದೆ. ಕೊಳ್ಳುವವರು ಮನೆಮಂದಿಯನ್ನೆಲ್ಲ ಕರೆತಂದು ಕೂರುತ್ತಾರೆ, ಕಡಲೆಕಾಯಿ ಸುಲಿಯುತ್ತ ಕೇಳುತ್ತಾರೆ, ಪ್ರಾಸ ತಪ್ಪಿದರೆ ಕೀಟಲೆ ಮಾಡುತ್ತಾರೆ. ಒಂದು ಹೆಸರು ಬಿಟ್ಟುಹೋದರೂ ಯಾರಾದರೂ "ಯಾರದ ಉಳೀತವಾ?" ಎಂದು ಕೂಗುತ್ತಾರೆ. ಅಲ್ಲಿಗೆ ವ್ಯಾಪಾರ ನಿಂತಿತು. ಚಿತ್ರ ಮನೆಗೆ ವಾಪಸು.

ಈ ಕಟ್ಟಳೆ ಸುಮ್ಮನೆ ಬಂದದ್ದಲ್ಲ. ನಿಮ್ಮ ನಂತರದ ಕಾಲವನ್ನು ನಾವು ಕುರುಡುಸುಗ್ಗಿ ಎನ್ನುತ್ತೇವೆ. ಆಗ ಚಿತ್ರಗಳು ಎಷ್ಟು ಬೆಳೆದವೆಂದರೆ ಯಾವುದು ಯಾರದೆಂದು ಕೇಳುವವರೇ ಇರಲಿಲ್ಲವಂತೆ. ಕೇಳುವವರಿಲ್ಲವಾದ ಮೇಲೆ ಬರೆಯುವವರೂ ಒಬ್ಬೊಬ್ಬರಾಗಿ ಕೈಬಿಟ್ಟರು.

ಈಗ ನನ್ನ ಸಂಕಟ ಹೇಳುತ್ತೇನೆ. ಕುಂದಗೋಳದ ಹೆರಿಗೆ ಆಸ್ಪತ್ರೆಯವರು ನೋವು ತಿನ್ನುವ ಹೆಂಗಸರು ನೋಡುತ್ತ ಮಲಗಲೆಂದು ಗೋಡೆಗೊಂದು ಕೆರೆಯ ಚಿತ್ರ ಕೇಳಿದ್ದರು. ನಾನು ಮತ್ತು ನನ್ನ ಜೊತೆಗಾತಿ ಹುಸೇನಬಿ ಅಕ್ಕ ವರ್ಷಗಟ್ಟಲೆ ಕೂತು ಅದನ್ನು ಮಾಡಿದೆವು. ನಾನು ಬರೆಯುವವಳು, ಅಕ್ಕ ಒಡಪು ಕಟ್ಟುವವಳು. ಆ ಕೆರೆಯ ಜೀವವೆಲ್ಲ ಇರುವುದು ನೀರಿನ ಒಂದು ಗೆರೆಯಲ್ಲಿ. ಅದು ಸ್ವಲ್ಪ ನಡುಗುತ್ತದೆ, ಆದರೂ ಮುರಿಯುವುದಿಲ್ಲ. ಗೆರೆ ನಿಮ್ಮ ಕಾಲದ್ದು. ಅದರ ಜೊತೆ ಉಳಿದು ಬಂದಿರುವುದು ಎರಡೇ ಪದ: "ಬಳಕೆಗೆ ಮುಕ್ತ". ಹೆಸರನ್ನು ಯಾರೋ ಅಳಿಸಿದ್ದಾರೆ, ಅಥವಾ ಬರೆದವರೇ ಹಾಕಿಲ್ಲ. ಬಳಸಲು ಅಪ್ಪಣೆ ಇದೆ. ಮರೆಯಲು ಅಪ್ಪಣೆ ಇದೆಯೇ? ಆ ಎರಡು ಪದಗಳನ್ನು ನಾನು ಎಷ್ಟು ಸಲ ಓದಿದರೂ ಅವು ಅಷ್ಟನ್ನು ಹೇಳುವುದಿಲ್ಲ.

ಹುಸೇನಬಿ ಅಕ್ಕನಿಗೆ ತಡೆಯಲಾಗಲಿಲ್ಲ. "ಹೆಸರಿಲ್ಲದ ಒಡಪು ಕುಂಟತೈತಿ ಶಾಲ್ಮಲಾ. ಒಂದು ಹಾಕಿಬಿಡೂಣು. ಸತ್ತಾಕಿ ಎದ್ದು ಬಂದು ಕೇಳ್ತಾಳೇನು?" ಎಂದಳು. ಹೋದ ವಾರ, ಮಾರಾಟಕ್ಕೆ ಮೊದಲು ಊರವರ ಮುಂದೆ ಒಡಪು ಒಪ್ಪಿಸುವ ದಿನ, ಹೇಳಿಯೇ ಬಿಟ್ಟಳು:

ಗಾಳಿ ಮುಟ್ಟಿದರ ನಡಗತಾವ ಕೆರಿಯಾಗಿನ ತೆರಿ,
ಬಾಳವ್ವ ನವಲಗುಂದದಾಕಿ ಬರದಾಳ ಈ ಗೆರಿ.

ಜನ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ನಿಮ್ಮ ಕಾಲದ ಹೆಣ್ಣುಮಕ್ಕಳಿಗೆ ಅಂಥ ಹೆಸರು ಇರುತ್ತಿತ್ತೋ ಇಲ್ಲವೋ ಅಕ್ಕನಿಗೆ ಗೊತ್ತಿಲ್ಲ. ಗಾಳಿಗೆ ಬಾಳವ್ವ ಹೊಂದಿತು, ಅಷ್ಟೇ.

ಸತ್ತವಳು ಎದ್ದು ಬರಲಿಲ್ಲ, ಆದರೆ ಅವಳ ಮನೆಯವರು ಬಂದರು. ನವಲಗುಂದದ ಫಕೀರಪ್ಪಜ್ಜ, ಕೋಲೂರಿಕೊಂಡು, ಮೊಮ್ಮಕ್ಕಳ ಸಮೇತ. ಅವರ ಮುತ್ತಜ್ಜಿಯ ತಾಯಿ ಬಾಳವ್ವ ಎನ್ನುವವಳು ಫೋನಿನ ಮೇಲೆ ಬೆರಳಾಡಿಸಿ ಚಿತ್ರ ಬರೆಯುತ್ತಿದ್ದಳಂತೆ. ಒಂದೂ ಉಳಿದಿಲ್ಲ. ಅಜ್ಜ ಚಿತ್ರದ ಮುಂದೆ ನಿಂತು, ಮುಟ್ಟಬಾರದೆಂದು ಕೈ ಹಿಂದಕ್ಕೆ ಕಟ್ಟಿಕೊಂಡು, ಆ ಗೆರೆಯನ್ನೇ ನೋಡಿ ಅತ್ತರು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಇವತ್ತು ಬೆಳಿಗ್ಗೆ ನಾನು ಅವರ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಜ್ಜ ಕೋಲನ್ನು ಗೋಡೆಗೆ ಒರಗಿಸಿದರು. ಆಮೇಲೆ, "ಹಂಗಾರ ಆಕಿ ನಮ್ಮ ಬಾಳವ್ವ ಅಲ್ಲೇನವಾ?" ಎಂದರು.

"ಅಲ್ಲ ಅಂತನೂ ಹೇಳಾಕಾಗೂದಿಲ್ಲ ಅಜ್ಜಾ. ಹೌದು ಅಂತ ಹೇಳಾಕ ನನಗ ಬಾಯಿ ಬರೂದಿಲ್ಲ."

"ಊರ ತುಂಬ ಪೇಢೆ ಹಂಚೇನಲ್ಲವಾ, ಈಗೇನು ವಾಪಸ್ ಇಸ್ಕೊಳ್ಳೇನು?" ಎಂದು ನಗಲು ನೋಡಿದರು. ಆಗಲಿಲ್ಲ. ನನ್ನನ್ನು ಬಾಗಿಲವರೆಗೆ ಕಳಿಸಲೂ ಏಳಲಿಲ್ಲ.

ಇನ್ನು ಸ್ವಲ್ಪ ಹೊತ್ತಿಗೆ ಮಾರಾಟ. ಇವತ್ತು ಒಡಪು ಹೇಳಬೇಕಾದವಳು ನಾನು. ಬಾಳವ್ವ ಎಂದರೆ ಚಿತ್ರ ಆಸ್ಪತ್ರೆಗೆ ಹೋಗುತ್ತದೆ, ಒಬ್ಬ ಮುದುಕನಿಗೆ ಅಜ್ಜಿ ಸಿಗುತ್ತಾಳೆ, ಯಾರೂ ಪ್ರಶ್ನಿಸುವುದಿಲ್ಲ. ಆ ಗೆರೆ ಎಳೆದ ಒಬ್ಬರು ಮಾತ್ರ ಎರಡನೆಯ ಸಲ ಅಳಿಸಿಹೋಗುತ್ತಾರೆ, ಈ ಸಲ ನನ್ನ ಬಾಯಿಂದ. ಅದು ನನ್ನಿಂದಾಗದು. ಗೊತ್ತಿಲ್ಲ ಎನ್ನುತ್ತೇನೆ. ಕೆರೆ ಮನೆಗೆ ವಾಪಸು ಬರುತ್ತದೆ, ಹೆರಿಗೆಯ ಕೋಣೆಯ ಗೋಡೆ ಬೋಳಾಗಿಯೇ ಇರುತ್ತದೆ. ಅಕ್ಕ ನನ್ನೊಡನೆ ಮತ್ತೆ ಕೂರುತ್ತಾಳೋ ಇಲ್ಲವೋ ತಿಳಿಯದು.

ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ನೀವು ಬೇರೆಯವರ ಗೆರೆ ಸೇರಿಸಿ ಚಿತ್ರ ಮಾರುವವರಾದರೆ, ಅಪ್ಪಣೆ ಇದೆಯಲ್ಲ ಎಂದು ಸುಮ್ಮನಾಗಬೇಡಿ; ಅವರ ಹೆಸರು ಹೇಳಿ. ನಿಮ್ಮ ಗೆರೆಯನ್ನು ಹಂಚುವವರಾದರೆ ಧಾರಾಳವಾಗಿ ಹಂಚಿ, ಹೆಸರನ್ನೂ ಅದರೊಡನೆ ಕಳಿಸಿ. ಸಂಕೋಚ ಬೇಡ. ಹೆಸರು ಹಾಕುವುದು ದೊಡ್ಡಸ್ತಿಕೆಯಲ್ಲ. ನಮ್ಮಂಥವರು ಸುಳ್ಳು ಹೇಳದಂತೆ ಕಾಪಾಡುವುದು.

ಬೇವಿನ ಕೆಳಗೆ ಜನ ಸೇರಿದ್ದಾರೆ. ಫಕೀರಪ್ಪಜ್ಜ ಬಂದಿದ್ದಾರೆ, ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ನೀವು ಈಗ ಎಲ್ಲೋ ಕುಳಿತು, ಕೈ ಸ್ವಲ್ಪ ನಡುಗುತ್ತ, ಒಂದು ನೀರಿನ ಗೆರೆ ಎಳೆಯುತ್ತಿದ್ದರೆ, ಬಿಟ್ಟು ಏಳುವ ಮೊದಲು ನೀವು ಯಾರೆಂದು ಬರೆದಿಡಿ.

ಶಾಲ್ಮಲಾ