ಕೆಂಚಣ್ಣನ ಕೈಯ ಹಗ್ಗ

ಚನ್ನಪಟ್ಟಣ, ಭಾನುವಾರ

ಸಂಪಾದಕಿ ರಾಧಾಮಣಿ ಮೇಡಂ ಅವರಿಗೆ ನಮಸ್ಕಾರ.

ನಮ್ಮ ಕಾಮಿಕ್ಸಿನ ಮುಂದಿನ ಮುಖಪುಟಕ್ಕೆ, ಹೊಸದಾಗಿ ಸೇರಿದ ಕಲಾವಿದೆ ಭಾನುಪ್ರಿಯ ಸೃಷ್ಟಿಸಿದ ಹುಡುಗಿ ಚುರುಕಿಯೇ ಸಾಕು ಎಂದಿದ್ದೀರಿ. ಸಂತೋಷ. ಇಪ್ಪತ್ತು ವರ್ಷದಿಂದ ನಾನು ಬಿಡಿಸುತ್ತಿರುವ ದಳಪತಿ ಕೆಂಚಣ್ಣ ಅವಳ ಹಿಂದೆ ಎಲ್ಲಾದರೂ ನಿಲ್ಲಲಿ.

ಟೀ ಅಂಗಡಿಯ ತಿಮ್ಮಯ್ಯನೂ ಮೊನ್ನೆ, "ನಿಮ್ ಕೆಂಚಣ್ಣ ಸೋಲೋದೇ ಇಲ್ವಲ್ಲಣ್ಣ, ಏನ್ ಮಜಾ ಐತೆ? ಆ ಹುಡ್ಗೀನೇ ಲೀಡರ್ ಮಾಡ್ಬುಡಿ" ಎಂದ. ಟೀ ಅರ್ಧಕ್ಕೇ ಬಿಟ್ಟು ಬಂದೆ.

ಅದೇ ಸಿಟ್ಟಿನಲ್ಲಿ, ಚುರುಕಿಯನ್ನು ರಾಮನಗರದ ಬಂಡೆಯಿಂದ ಬೀಳಿಸಿ ಕಥೆಯಿಂದಲೇ ತೆಗೆಯೋಣವೆಂದು ಕುಳಿತೆ. ಅವಳು ಇಳಿಯುವ ಹಗ್ಗ ಕೆಂಚಣ್ಣನ ಕೈಯಲ್ಲಿತ್ತು. ಕೆಳಗೆ ಅವನ ಪಡೆಯೇ ಅವಳಿಗೆ ಜೈಕಾರ ಹಾಕುತ್ತಿತ್ತು. ಅವನ ಹಿಡಿತ ಸಡಿಲವಾಯಿತು. ಎಂದಿನಂತೆ ಹಳೆಯ ಹಾಳೆಯಿಂದ ಅವನ ಮುಖ ಟ್ರೇಸ್ ಮಾಡಿದರೆ ಅದು ಆ ಸಡಿಲ ಕೈಗೆ ಹೊಂದಲಿಲ್ಲ. ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಂಡು ಬಿಡಿಸಿದೆ.

ಅವಳು ಬೀಳಲಿಲ್ಲ. ಕೊನೆಯ ಚಿತ್ರದಲ್ಲಿ ಅವನು ಮತ್ತೆ ಹಗ್ಗ ಬಿಗಿಹಿಡಿದಿದ್ದಾನೆ, ಅಂಗೈ ಕಿತ್ತುಹೋಗಿದೆ. ಆದರೆ ಸಡಿಲಬಿಟ್ಟದ್ದನ್ನು ಅವಳು ನೋಡಿದ್ದಾಳೆ. ಮುಂದೆ ಅವಳ ಕಣ್ಣೆದುರೇ ಅವನು ಪಡೆ ನಡೆಸಬೇಕು.

ಪುಟಗಳನ್ನು ಜೊತೆಗಿಟ್ಟಿದ್ದೇನೆ. ಮುಖಪುಟ ಅವಳಿಗೇ ಇರಲಿ. ಕೆಂಚಣ್ಣನಿಗೆ ಬಣ್ಣ ಮಾತ್ರ ಭಾನುಪ್ರಿಯಳೇ ಹಚ್ಚಲಿ. ಇದು ಯಾರ ಮುಖವೆಂದು ಅವಳು ಕೇಳಿದರೆ, ಕೆಂಚಣ್ಣನದೇ ಎಂದುಬಿಡಿ.

ಇತಿ,
ದೇವರಾಜು