ಮೂವತ್ತೆಂಟು ಸೆಕೆಂಡಿನ ಕಾಲರ್

ಜೋಗುಪಾಳ್ಯ
೨೧ ನವೆಂಬರ್ ೨೦೦೪

ಪ್ರೀತಿಯ ಕುಲ್ಸುಂ ಆಪಾ,

ಸಲಾಂ. ಹಬ್ಬಕ್ಕೆ ಬರುತ್ತೇನೆಂದು ಹೇಳಿ ಬರಲಿಲ್ಲ. ನಿಮ್ಮ ಜೊತೆ ಹೊಲಿಯುವ ಬೈರಮ್ಮನ ಕೈಲಿ ನೀವು ಹೇಳಿ ಕಳಿಸಿದ ಮಾತಿಗೂ ಇಪ್ಪತ್ತು ದಿನ ಉತ್ತರ ಕೊಡಲಿಲ್ಲ. ಊರಲ್ಲಿರಲಿಲ್ಲ ಎಂದು ಬರೆಯಬಹುದಿತ್ತು, ಇದ್ದೆ. ಕ್ಷಮಿಸಿ.

ನನ್ನ ಸುದ್ದಿ ಮೊದಲು. ಹೊಸೂರು ರಸ್ತೆಯ ಎರಡು ಗಾರ್ಮೆಂಟ್ಸ್‌ನವರು ನನ್ನನ್ನು ಸಲಹೆಗೆ ಕರೆದಿದ್ದಾರೆ. ಗೇಟಿನಲ್ಲಿ 'ಕನ್ಸಲ್ಟೆಂಟ್ ಮೇಡಂ ಬಂದ್ರು' ಅನ್ನುತ್ತಾರೆ. ಅಲ್ಲಿ ನೀವಿದ್ದಿದ್ದರೆ ನಗುತ್ತಿದ್ದಿರಿ. ಟಿನ್ ಫ್ಯಾಕ್ಟರಿ ಹತ್ತಿರದ ನಿಮ್ಮ ಗಾರ್ಮೆಂಟ್ಸ್‌ಗೆ ನಾನು ಬಂದ ಮೊದಲ ದಿನ ನೀವು ಕೇಳಿದ್ದಿರಿ: 'ಡಿಪ್ಲೊಮಾ ಓದಿ ಪುಕ್ಸಟ್ಟೆ ಹೊಲಿಯಕ್ಕೆ ಬಂದ್ಯಾ? ತಲೆ ಸರಿ ಇದ್ಯಾ ನಿಂಗೆ?' ತಾನೇ ಹೊಲಿಯದವಳ ಸಲಹೆಯನ್ನು ಯಾರೂ ಕೇಳುವುದಿಲ್ಲ ಎಂದು ನಂಬಿ ಆರು ತಿಂಗಳು ಸಂಬಳವಿಲ್ಲದೆ ಕೂತೆ. ಮೊದಲ ವಾರ ಸೂಜಿ ಬೆರಳಿಗೆ ಹೋದಾಗ ನಾನು ಹೊಲಿಯಬೇಕಿದ್ದ ಬಟ್ಟೆಯ ಬಂಡಲನ್ನು ನಿಮ್ಮ ಮಡಿಲಿಗೆ ಎಳೆದುಕೊಂಡು, ಸೂಪರ್‌ವೈಸರ್ ಬರುವಷ್ಟರಲ್ಲಿ ಮುಗಿಸಿಕೊಟ್ಟಿರಿ. ಶಿವಾಜಿನಗರದಿಂದ ನೀವು ತರುತ್ತಿದ್ದ ಡಬ್ಬಿಯಲ್ಲಿ ದಿನವೂ ನನಗೆ ಪಾಲಿತ್ತು. ಇವತ್ತು ನನಗೆ ಗೊತ್ತಿರುವ ಕೆಲಸವೆಲ್ಲ ನಿಮ್ಮ ಪಕ್ಕದಲ್ಲಿ ಕಲಿತದ್ದು.

ಈಗ ನಿಮ್ಮ ಮಾತಿಗೆ ಬರುತ್ತೇನೆ. ಬೈರಮ್ಮ ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತು ಹೇಳಿದಳು. ಗಂಟೆಗೆ ಅರವತ್ತು ಶರ್ಟಿನ ಕಾಲರ್ ಇದ್ದ ಟಾರ್ಗೆಟ್ ಎಂಬತ್ತೈದಾದ ಮೇಲೆ ಲೈನಿನಲ್ಲಿ ಯಾರೂ ನೀರು ಕುಡಿಯಲು ಏಳುತ್ತಿಲ್ಲವಂತೆ. ಆ ಲೆಕ್ಕ ಬಂದದ್ದು ನಿಮ್ಮ ಕೈಯಿಂದ ಎಂದು ಸೂಪರ್‌ವೈಸರ್ ಬಾಯಿಬಿಟ್ಟ ಮೇಲೆ ಊಟದ ಬಿಡುವಿನಲ್ಲಿ ನಿಮ್ಮನ್ನು ಯಾರೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿಲ್ಲವಂತೆ. 'ಮೆಡಲ್ ಕೊಡಿಸ್ರೇ ನಮ್ ಚಾಂಪಿಯನ್‌ಗೆ' ಎಂದು ನಗುತ್ತಾರಂತೆ. ನಗುವವರಲ್ಲಿ ಬೈರಮ್ಮನೂ ಒಬ್ಬಳೆಂದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಈಗ ಎಂಬತ್ತೈದು ನಿಮ್ಮ ಕೈಯಲ್ಲೂ ಆಗುತ್ತಿಲ್ಲ. 'ಅವಳ ಪರೀಕ್ಷೆ ಅಂದ್ಕೊಂಡು ಜೋರಾಗಿ ಹೊಲ್ದೆ, ಅದನ್ನ ಅವಳೇ ಮ್ಯಾನೇಜರ್‌ಗೆ ಹೇಳ್ಲಿ' ಎಂದು ನೀವು ಹೇಳಿ ಕಳಿಸಿದ್ದೀರಿ.

ಹೌದು, ಹಾಗೆಯೇ ಆಯಿತು. ನಾನು ಸ್ಟಾಪ್‌ವಾಚ್ ಹಿಡಿದು ನಿಂತಾಗ ಅದು ನನ್ನ ಪರೀಕ್ಷೆ ಎಂದುಕೊಂಡಿರಿ. ಕಾಲರ್ ಬೇಗ ಕೂತರೆ ನಾನು ಪಾಸ್. 'ಎಷ್ಟು ಬಂತು?' ಎಂದಿರಿ. ನಲವತ್ತಾರು ಸೆಕೆಂಡು ಎಂದೆ. 'ಸಾಕಾ ಪಾಸಾಗಕ್ಕೆ? ತಡಿ, ಇನ್ನೂ ಜಲ್ದಿ ಮಾಡ್ತೀನಿ.' ದುಪಟ್ಟಾ ಸೊಂಟಕ್ಕೆ ಕಟ್ಟಿ, ಉಸಿರು ಬಿಗಿಹಿಡಿದು ಹೊಲಿದಿರಿ. ಮೂವತ್ತೆಂಟು. ಬೆವರು ಒರೆಸಿಕೊಳ್ಳುತ್ತಾ 'ಫಸ್ಟ್ ಕ್ಲಾಸಾ?' ಎಂದು ಕೇಳಿದಿರಿ. ಫಸ್ಟ್ ಕ್ಲಾಸ್ ಎಂದೆ.

ಮ್ಯಾನೇಜರ್‌ಗೆ ನಾನು ಹೇಳಲಾರೆ, ಆಪಾ. ಆ ಲೆಕ್ಕದ ಮೇಲೆ ನಾನು ಅವರಿಗೆ ಕೊಟ್ಟ ವರದಿ ನೋಡಿಯೇ ಹೊಸೂರು ರಸ್ತೆಯವರು ನನ್ನನ್ನು ಕರೆದದ್ದು. ಮೊದಲ ಲೆಕ್ಕವೇ ತಪ್ಪೆಂದು ನನ್ನ ಬಾಯಿಂದ ಬಂದರೆ ಇನ್ನು ಯಾವ ಗೇಟಿನಲ್ಲೂ ನನ್ನನ್ನು ಬಿಡುವುದಿಲ್ಲ. ಇದಕ್ಕಿಂತ ಒಳ್ಳೆಯ ಕಾರಣವಿದ್ದಿದ್ದರೆ ಅದನ್ನೇ ಬರೆಯುತ್ತಿದ್ದೆ.

ದೊಡ್ಡವರನ್ನು ನಾನು ಹರಸಬಾರದು. ಆದರೂ ನಿಮ್ಮ ಕಣ್ಣು, ಬೆನ್ನು ಚೆನ್ನಾಗಿರಲಿ. ನನಗಾಗಿ ಮಾಡುತ್ತಿದ್ದ ದುವಾ ನೀವು ನಿಲ್ಲಿಸಿದರೂ ನನಗೆ ಬೇಸರವಿಲ್ಲ.

ನಿಮ್ಮ
ಗೌತಮಿ

ತಾ.ಕ.: ಎರಡು ವಿಷಯ ಬಿಟ್ಟಿದ್ದೆ. ಆ ದಿನಕ್ಕೆ ಮೊದಲು ಎರಡು ವಾರ, ನಿಮಗೆ ತಿಳಿಯದಂತೆ ಹಿಂದಿನ ಸಾಲಿನಲ್ಲಿ ಕೂತು ನಿಮ್ಮ ಕೈ ನೋಡಿ ಬರೆದುಕೊಂಡಿದ್ದೆ. ಒಂದು ಕಾಲರ್‌ಗೆ ಐವತ್ತೆರಡು ಸೆಕೆಂಡು. ಯಾವುದು ನಿಜವೆಂದು ನನಗೆ ಗೊತ್ತಿತ್ತು. ವರದಿಯಲ್ಲಿ ಮೂವತ್ತೆಂಟನ್ನು ಹಾಕಿದೆ. ಹೋದ ವಾರ ಮ್ಯಾನೇಜರೇ ಫೋನ್ ಮಾಡಿ, 'ಲೆಕ್ಕ ಕೊಟ್ಟ ಹೆಂಗಸಿನ ಕೈಲೇ ಆಗ್ತಿಲ್ವಲ್ಲ ಮೇಡಂ, ಲೆಕ್ಕ ತಪ್ಪಾ?' ಎಂದರು. ಲೆಕ್ಕ ಸರಿಯಿದೆ, ಆ ಕೈಗೆ ವಯಸ್ಸಾಯಿತು ಎಂದೆ. ಒಂದನೇ ತಾರೀಖಿನಿಂದ ನಿಮ್ಮನ್ನು ಮಷೀನಿನಿಂದ ಎಬ್ಬಿಸಿ ದಾರ ಕತ್ತರಿಸುವ ಟೇಬಲ್ಲಿಗೆ ಹಾಕುತ್ತಾರೆ. ಈ ಪತ್ರ ಬೈರಮ್ಮನಿಗೆ ತೋರಿಸಬೇಡಿ.