ಮುಳ್ಳು ಕೆಂಪು ಗೆರೆ ಮುಟ್ಟಿದಾಗ

ಡಂಬಳ, ಫೆಬ್ರವರಿ ೩೦, ೨೧೮೮

ಪೂಜ್ಯ ಚನ್ನವೀರಪ್ಪನವರಿಗೆ, ನಿಮ್ಮ ವಂಶದ ಏಳನೆಯ ತಲೆಮಾರಿನ ನಿವೃತ್ತ ಶಿಕ್ಷಕ ಗುರುಬಸಪ್ಪನ ನಮಸ್ಕಾರಗಳು. ಪಂಚಾಂಗ ತಿದ್ದಿದ ಮೇಲೆ ನಮ್ಮ ಫೆಬ್ರವರಿಗೆ ಮೂವತ್ತು ದಿನ. ಕೆಲವು ಪದಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ.

ನೀವು ಕೊಂಡ ಪೆಟ್ರೋಲ್ ಕಾರು ನಮ್ಮಲ್ಲಿ ಇನ್ನೂ ಇದೆ. ಆಯುಧಪೂಜೆಯಂದು ಊರೊಳಗೆ ಒಂದು ಸುತ್ತು, ಅಷ್ಟೇ ಅದರ ಓಡಾಟ. ಮೊನ್ನೆ ಧೂಳುಗಾಳಿಯಿಂದ ಬೆಳಕುಬಂಡಿಗಳು, ಅಂದರೆ ಬಿಸಿಲಿನ ಶಕ್ತಿಯಿಂದ ತಾವೇ ಓಡುವ ವಾಹನಗಳು, ನಿಂತುಹೋದವು. ಮೂರು ದಿನ ವಿದ್ಯುತ್ತೂ ಇರಲಿಲ್ಲ. ನನ್ನ ತಂಗಿ ದಾನವ್ವನ ಹೃದಯವನ್ನು ಬಡಿಸುವುದು ಎದೆಯೊಳಗಿನ ಮಿಡಿಗವೆಂಬ ಯಂತ್ರ. ದಿನವೂ ವಿದ್ಯುತ್ ತುಂಬಬೇಕಾದ ಅದರಲ್ಲಿ ಐವತ್ತು ನಿಮಿಷದ ಶಕ್ತಿಯಷ್ಟೇ ಉಳಿದಿತ್ತು. ಗದಗಿನ ಆಸ್ಪತ್ರೆಗೆ ಇಪ್ಪತ್ತು ಕಿಲೋಮೀಟರ್. ಅವಳ ಮಗಳು ನೀಲಗಂಗಾ ಕಾರು ಹೊರಡಿಸಿದಳು.

ಎಂಟನೆಯ ಕಿಲೋಮೀಟರಿನಲ್ಲಿ ಉಷ್ಣಮಾಪಕದ ಮುಳ್ಳು ಕೆಂಪು ಗೆರೆ ಮುಟ್ಟಿತು.

“ಮಾಮಾ, ಹಿಂಗ ಹೊಡದ್ರ ಎಂಜಿನ್ ಜಾಮ್ ಆಗ್ತದ,” ಎಂದು ನೀಲಗಂಗಾ ನಿಲ್ಲಿಸಿದಳು. ಮಿಡಿಗದಲ್ಲಿ ಮೂವತ್ತೈದು ನಿಮಿಷ.

ನಾನು ಕ್ರಮವಾಗಿ ಪರೀಕ್ಷಿಸಿದೆ. ಮುಳ್ಳು ಸುಳ್ಳು ಹೇಳುತ್ತಿದೆಯೇ? ಇಲ್ಲ, ಬಾನೆಟ್ ಎತ್ತುತ್ತಲೇ ಕಾವು ಮುಖಕ್ಕೆ ರಾಚಿತು. ಫ್ಯಾನ್ ಬೆಲ್ಟ್ ಬಿಗಿಯಾಗಿತ್ತು. ನೀರು ಎಲ್ಲಿಯೂ ಸೋರಿರಲಿಲ್ಲ. ಕುದಿಯುವ ರೇಡಿಯೇಟರಿನ ಮುಚ್ಚಳಕ್ಕೆ ಕೈಚಾಚಿದ ನೀಲಗಂಗಾಳನ್ನು ತಡೆದೆ. ತೆರೆದಿದ್ದರೆ ಅವಳ ಮುಖ ಬೇಯುತ್ತಿತ್ತು. ಇಪ್ಪತ್ತೆಂಟು ನಿಮಿಷ. ಕೊನೆಗೆ ರೇಡಿಯೇಟರಿನ ಹಿಂದೆ ದೀಪ ಹಿಡಿದೆ. ಮುಂದಿನಿಂದ ನೋಡಿದ ಅವಳಿಗೆ ಬೆಳಕಿನ ಒಂದು ಚುಕ್ಕೆಯೂ ಕಾಣಲಿಲ್ಲ. ಗಾಳಿ ನುಗ್ಗಬೇಕಾದ ಸಂದುಗಳಲ್ಲಿ ಚೆಂಡುಹೂವಿನ ಒಣ ಎಸಳು, ಕುಂಕುಮ, ಗಂಧ ಸೇರಿ ಗಾರೆಯಂತೆ ಗಟ್ಟಿಯಾಗಿದ್ದವು.

ಪೂಜೆಯ ಹಾರವನ್ನು ಯಾರೂ ತೆಗೆಯಕೂಡದು, ಅದು ತಾನಾಗಿ ಉದುರಬೇಕು ಎಂದು ಕಾರಿನ ದಿನಚರಿಯಲ್ಲಿ ನೀವು ಬರೆದಿದ್ದೀರಿ. ನಾವು ಅಕ್ಷರಶಃ ಪಾಲಿಸಿದ್ದೆವು.

ದಾನವ್ವ ಒಳಗಿನಿಂದಲೇ ತನ್ನ ಬಾಚಣಿಗೆ ಚಾಚಿದಳು. “ಕೆರಿ ಅಣ್ಣಾ. ನನ್ನ ಮುಖ ನೋಡ್ಕೋತ ನಿಂತ್ರ ಅದೇನ್ ತಣ್ಣಗಾಗಂಗಿಲ್ಲ.”

ಕೈಗೆ ಟವೆಲ್ ಸುತ್ತಿಕೊಂಡು ಕೆರೆದೆ. ಆದರೂ ಬೆರಳುಗಳಲ್ಲಿ ಬೊಬ್ಬೆಗಳೆದ್ದವು. ಮತ್ತೆ ಹೊರಟಾಗ ಮುಳ್ಳು ಕೂದಲೆಳೆಯಷ್ಟು ಇಳಿಯಿತು, ಇನ್ನಷ್ಟು ಇಳಿಯಿತು. ಆಸ್ಪತ್ರೆಯ ಬಾಗಿಲಲ್ಲಿ ಮಿಡಿಗ ತೋರಿಸಿದ್ದು ನಾಲ್ಕು ನಿಮಿಷ.

ಇಷ್ಟನ್ನು ಬರೆದು ಓದಿ ತೋರಿಸಿದಾಗ ದಾನವ್ವ ಒಪ್ಪಲಿಲ್ಲ. “ಹೋದ ವರ್ಷ ನಾ ಆ ಹೂವು ತೆಗಿಯಾಕ ಬ್ರಶ್ ಹಿಡಕೊಂಡು ಹೋದಾಗ ತಡದವ್ರು ಯಾರು? ಅದನ್ನೂ ಬರಿ, ಮಾಸ್ತರ.”

ತಡೆದವನು ನಾನು. ನಿಮ್ಮ ಸಾಲಿನ ಕೆಳಗೆ ಬೆರಳಿಟ್ಟು ಅವಳಿಂದ ಮೂರು ಬಾರಿ ಗಟ್ಟಿಯಾಗಿ ಓದಿಸಿದ್ದೆ.

ಆದ್ದರಿಂದ ಒಂದು ಬಿನ್ನಹ. ಆ ಸಾಲನ್ನು ಹೊಡೆದುಹಾಕಿ. ನನ್ನಂಥ ಮಾಸ್ತರನಿಗೆ ಒಂದಕ್ಷರವೂ ಓದಲು ಬಾರದಷ್ಟು ದಪ್ಪನೆಯ ಮಸಿಯಲ್ಲಿ ಹೊಡೆದುಹಾಕಿ.